ಓದದೆ ಬಿಟ್ಟ ಆರನೇ ಬೇಡಿಕೆ

ವರ್ತಕರ ರಾಜ್ಯ ಸಂಘದವರು ಸ್ಮರಣ ಸಂಚಿಕೆ ತರುತ್ತಾರಂತೆ. ಹಳಬರಲ್ಲಿ ಇನ್ನೂ ಉಸಿರಾಡಿಕೊಂಡಿರುವವರು ಕೆಲವರೇ ಆದ್ದರಿಂದ ನನಗೂ ಒಂದು ಕಾಗದ ಬಂತು. ಸಂಘ ಹುಟ್ಟಿದ ಬಗೆ, ಅದು ಮಾಡಿದ ಕೆಲಸ, ನಿಮ್ಮ ಅನುಭವ, ಎರಡು ಪುಟ ಮೀರದಂತೆ ಬರೆದು ಕಳಿಸಿ ಎಂದಿತ್ತು. ಬರೆದು ಕಳಿಸಿದೆ. ಅದರಲ್ಲಿರುವುದೆಲ್ಲ ನಿಜ. ಸುಳ್ಳು ಹೇಳುವ ಅಗತ್ಯವೇ ಬೀಳಲಿಲ್ಲ, ಬಿಡಬೇಕಾದ್ದನ್ನು ಬಿಟ್ಟರೆ ಸಾಕಾಯಿತು. ಆ ವಿದ್ಯೆ ನನಗೆ ಮೊದಲಿನಿಂದಲೂ ಕೈವಶ. ಅಲ್ಲಿ ಬಿಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಯಾರ ಹೆಸರನ್ನೂ ಹಾಕುವುದಿಲ್ಲ. ನಾಚಿಕೆ ಪಡಬೇಕಾದವನು ನಾನೊಬ್ಬನೇ ಇರುವಾಗ ಬೇರೆಯವರ ಹೆಸರು ಯಾಕೆ?

ನಮ್ಮ ಮನೆ ಬಂಗಾರಪೇಟೆಯಲ್ಲಿ, ಅಂಗಡಿ ರಾಬರ್ಟ್‌ಸನ್‌ಪೇಟೆಯಲ್ಲಿ. ಲಾಟೀನು, ತಗಡಿನ ಪೆಟ್ಟಿಗೆ, ಪಿಂಗಾಣಿ ತಟ್ಟೆ, ಅಲ್ಯೂಮಿನಿಯಂ ಪಾತ್ರೆ ಮಾರುವ ಅಂಗಡಿ. ಅಪ್ಪ ಕಾಲವಾದ ಮೇಲೆ ಕಾಲೇಜು ಬಿಟ್ಟು ಬಂದು ಗಲ್ಲಾ ಮುಂದೆ ಕೂತವನು ನಾನು. ಬೆಳಗಿನ ರೈಲಿನಲ್ಲಿ ಹೋಗುವುದು, ಸಂಜೆಯ ರೈಲಿನಲ್ಲಿ ಬರುವುದು. ಆ ಬೆಳಗಿನ ರೈಲಿನಲ್ಲಿ ನನ್ನ ಜೊತೆ ಸುತ್ತಲ ಹಳ್ಳಿಗಳ ಹೆಂಗಸರು ಬುಟ್ಟಿ ಹೊತ್ತು ಬರುತ್ತಿದ್ದರು. ಅವರೆಕಾಯಿ, ಕಡಲೆಕಾಯಿ, ಸೊಪ್ಪು, ಹುಣಸೆಹಣ್ಣು. ಬೋಗಿಯ ಬಾಗಿಲಲ್ಲೇ ಬುಟ್ಟಿ ಇಟ್ಟು ಕೂತುಬಿಡುತ್ತಿದ್ದರು. ಇಳಿಯುವವರು ಬೈದುಕೊಂಡು ದಾಟಬೇಕು. ನಾನೂ ಎಷ್ಟೋ ಸಲ ಬೈದಿದ್ದೇನೆ.

ಊರಿಗಾಂ ಸ್ಟೇಷನ್ನಿನಲ್ಲಿ ಇಳಿದು ಅವರು ಪೇಟೆಗೆ ನಡೆದು ಬರುವರು. ಪೇಟೆಯಲ್ಲಿ ಪ್ರತಿ ಅಂಗಡಿಗೂ ಮೂರು ನಾಲ್ಕು ಕಲ್ಲಿನ ಮೆಟ್ಟಿಲು. ಒಂದೊಂದು ಅಂಗಡಿಯ ಮೆಟ್ಟಿಲ ಪಕ್ಕ ಒಬ್ಬೊಬ್ಬ ಹೆಂಗಸು ಕೂರುವುದು ಎಂದು ಯಾವಾಗಲೋ ನಿಗದಿಯಾಗಿತ್ತು. ಬಾಡಿಗೆ ಇಲ್ಲ. ಅಂಗಡಿ ಬಾಗಿಲು ತೆಗೆಯುವ ಮೊದಲು ಮುಂದಿನ ಜಾಗ ಗುಡಿಸಿ, ನೀರು ಚಿಮುಕಿಸಿ, ನಾಲ್ಕು ಎಳೆ ರಂಗೋಲಿ ಹಾಕುವುದೇ ಬಾಡಿಗೆ. ನನ್ನ ಮೆಟ್ಟಿಲ ಪಕ್ಕ ಕೂರುತ್ತಿದ್ದವಳು ಹುಣಸೆಹಣ್ಣಿನವಳು. ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳಿರಬೇಕು. ಗಂಡ ಇರಲಿಲ್ಲ, ಇಬ್ಬರು ಹೆಣ್ಣುಮಕ್ಕಳಿದ್ದರು. ಅಪ್ಪನ ಕಾಲದಿಂದ ಅವಳು ಅಲ್ಲೇ ಕೂರುತ್ತಿದ್ದಳು. ಹಾಗಾಗಿ ನನ್ನ ಮೇಲೆ ಸ್ವಲ್ಪ ಹಕ್ಕಿನಿಂದಲೇ ಮಾತಾಡುವಳು. ನಾನು ತಡವಾಗಿ ಬಂದರೆ, "ಏನ್ ಸೋಮಿ, ರೈಲು ನಿಮ್ಮುನ್ನ ಬುಟ್ಟು ಬಂತಾ?" ಎಂದು ಎಲ್ಲರ ಮುಂದೆ ಕೇಳುವಳು.

ಚಿನ್ನದ ಗಣಿಯವರಿಗೆ ಸಂಬಳವಾದ ದಿನ ಪೇಟೆ ತುಂಬಿ ಹೋಗುತ್ತಿತ್ತು. ಗಣಿ ಕೆಲಸಗಾರರ ಲೈನ್ ಮನೆಗಳಿಂದ ಹೆಂಗಸರು ಬಂದು ಮೊದಲು ಬುಟ್ಟಿಯವರ ಮುಂದೆ ಕೂರುವರು. ಅವರು ತಮಿಳಿನಲ್ಲಿ ಕೇಳುವುದು, ಬುಟ್ಟಿಯವಳು ಕನ್ನಡದಲ್ಲಿ ಹೇಳುವುದು, ಚೌಕಾಸಿ ಕಾವೇರಿದಾಗ ಇಬ್ಬರೂ ತೆಲುಗಿಗೆ ಬರುವುದು. ವ್ಯಾಪಾರ ಮುಗಿದ ಮೇಲೆ ಸೆರಗು ಒದರಿಕೊಂಡು ಏಳುವಾಗ ಎದುರಿಗೆ ನನ್ನ ಲಾಟೀನುಗಳು ಕಾಣಿಸುತ್ತಿದ್ದವು. ಆಮೇಲೆ ಮೆಟ್ಟಿಲು ಹತ್ತುವರು. ಇದನ್ನು ನಾನು ದಿನಾ ನೋಡುತ್ತಿದ್ದೆ, ಆದರೂ ನನ್ನ ಗಿರಾಕಿಗಳು ನನ್ನ ಬೋರ್ಡು ನೋಡಿ ಬರುತ್ತಾರೆ ಎಂದೇ ತಿಳಿದಿದ್ದೆ. ಬೋರ್ಡಿಗೆ ಹೊಸ ಬಣ್ಣ ಬೇರೆ ಹೊಡೆಸಿದ್ದೆ.

ರಾಜ್ಯ ಒಂದಾಗಿ ಒಂದೆರಡು ವರ್ಷವಾಗಿತ್ತು. ಕನ್ನಡಿಗರೆಲ್ಲ ಒಂದೇ ಸೂರಿನಡಿ ಬಂದೆವೆಂದು ಎಲ್ಲ ಕಡೆ ಭಾಷಣ. ವರ್ತಕರ ಮಟ್ಟಿಗೆ ಮಾತ್ರ ಅದು ಬರೀ ತಲೆನೋವು. ಹಳೆ ಮೈಸೂರಿನಲ್ಲಿ ಒಂದು ಮಾರಾಟ ತೆರಿಗೆ, ಮುಂಬಯಿ ಕಡೆಯಿಂದ ಬಂದ ಜಿಲ್ಲೆಗಳಲ್ಲಿ ಇನ್ನೊಂದು, ಹೈದರಾಬಾದಿನ ಕಡೆಯಿಂದ ಬಂದವುಗಳಲ್ಲಿ ಮತ್ತೊಂದು. ಸೇರು ಎಂದರೆ ಎಷ್ಟು ಎಂಬುದರಲ್ಲೇ ಒಮ್ಮತ ಇರಲಿಲ್ಲ. ಅಷ್ಟರಲ್ಲಿ ಸೇರೇ ಹೋಗಿ ಕಿಲೋ ಬರುತ್ತದೆ ಎಂದರು. ಒಂದೊಂದು ಊರಿನ ವರ್ತಕರ ಸಂಘವೂ ಬೇರೆ ಬೇರೆಯಾಗಿ ಬೆಂಗಳೂರಿಗೆ ಅರ್ಜಿ ಹೊತ್ತುಕೊಂಡು ಹೋಗಿ ಕಾರಿಡಾರಿನಲ್ಲಿ ನಿಂತು ಕಾಲು ನೋವು ಮಾಡಿಕೊಂಡು ಬರುತ್ತಿತ್ತು. ಹಾಗೆ ಕಾರಿಡಾರಿನಲ್ಲಿ ನಿಂತವರು ಒಬ್ಬರಿಗೊಬ್ಬರು ಪರಿಚಯವಾಗಿ ಹುಟ್ಟಿದ್ದೇ ನಮ್ಮ ದೊಡ್ಡ ಸಂಘ. ಸಂಚಿಕೆಯಲ್ಲಿ ಇದನ್ನು ನಾನು 'ಮಹನೀಯರ ದೂರದೃಷ್ಟಿಯ ಫಲ' ಎಂದು ಬರೆದಿದ್ದೇನೆ.

ಮೊದಲ ಸಭೆ ಬೆಂಗಳೂರಿನ ಒಂದು ಮದುವೆ ಛತ್ರದಲ್ಲಿ ನಡೆಯಿತು. ನಮ್ಮೂರ ಕಡೆಯಿಂದ ಇಬ್ಬರು ಹೋದೆವು. ಒಬ್ಬರು ನಮ್ಮ ಸಂಘದ ಅಧ್ಯಕ್ಷರು, ದೊಡ್ಡ ದವಸದ ವ್ಯಾಪಾರಿ, ತೆಲುಗು ಮನೆಮಾತಿನವರು, ಎತ್ತರದ ದನಿಯವರು. ಇನ್ನೊಬ್ಬ ಅವರ ಕಾರ್ಯದರ್ಶಿಯಾದ ನಾನು. ನನಗೆ ಆ ಹುದ್ದೆ ಸಿಕ್ಕಿದ್ದು ಇಂಗ್ಲಿಷ್ ಬರೆಯಲು ಬರುತ್ತಿತ್ತು ಎಂಬ ಒಂದೇ ಕಾರಣಕ್ಕೆ. ಸಭೆಯಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೂ ಕಿತ್ತಾಡಿದ್ದು ತೆರಿಗೆಯ ಮೇಲಲ್ಲ, ಕಾರ್ಯಕಾರಿ ಸಮಿತಿಯಲ್ಲಿ ಯಾವ ಜಿಲ್ಲೆಗೆ ಎಷ್ಟು ಜಾಗ ಎನ್ನುವುದರ ಮೇಲೆ. ಊಟ ಚೆನ್ನಾಗಿದ್ದುದರಿಂದ ಊಟದ ಮೇಲೆ ಒಂದು ತೀರ್ಮಾನಕ್ಕೆ ಬಂದೆವು. ಯಾವ ಊರಿನಿಂದ ಹೆಚ್ಚು ಸಹಿ ಬರುತ್ತದೋ ಆ ಊರಿಗೆ ಸಮಿತಿಯಲ್ಲಿ ಜಾಗ. ಸರ್ಕಾರದವರು ನಿಮ್ಮ ಹಿಂದೆ ಎಷ್ಟು ಜನ ಇದ್ದಾರೆ ಎಂದು ಕೇಳಿದರೆ ತೋರಿಸಲೂ ಸಹಿ ಬೇಕಿತ್ತು. ಪ್ರತಿ ಊರಿನವರೂ ತಮ್ಮ ಬೇಡಿಕೆಗಳನ್ನು ಬರೆದು, ಕೆಳಗೆ ಸಹಿ ಹಾಕಿಸಿ ಕಳಿಸಬೇಕು.

ವಾಪಸು ಬರುವಾಗ ರೈಲಿನಲ್ಲಿ ಅಧ್ಯಕ್ಷರು ಮುಖ ಗಂಟು ಹಾಕಿಕೊಂಡು ಕೂತಿದ್ದರು. ರಾಬರ್ಟ್‌ಸನ್‌ಪೇಟೆಯ ಅಂಗಡಿಗಳನ್ನೆಲ್ಲ ಗುಡ್ಡೆ ಹಾಕಿದರೂ ದೊಡ್ಡ ಊರುಗಳ ಒಂದು ಬೀದಿಗೆ ಸಮವಾಗುವುದಿಲ್ಲ. ಮಾಲೂರು ದಾಟಿದ ಮೇಲೆ ಅವರು ತೊಡೆ ತಟ್ಟಿ, "ಏನಯ್ಯಾ, ಬುಟ್ಟಿಯೋರೂ ವ್ಯಾಪಾರ ಮಾಡೋರೇ ತಾನೆ? ಅವರ ಹೆಬ್ಬೆಟ್ಟು ಹಾಕಿಸಿದ್ರೆ ಬೇಡ ಅನ್ನೋನು ಯಾವನು?" ಎಂದರು. ನನಗೆ ಅದು ಬಹಳ ಒಳ್ಳೆಯ ಯೋಚನೆ ಅನ್ನಿಸಿತು. ಬಡವರನ್ನೂ ಜೊತೆಗೆ ಸೇರಿಸಿಕೊಂಡಂತಾಯಿತು ಎಂದು ಖುಷಿ ಕೂಡ ಪಟ್ಟೆ. ಆ ಖುಷಿ ಸುಳ್ಳಲ್ಲ. ಈಗ ನೆನೆದರೆ ಅದೇ ಹೆಚ್ಚು ನಾಚಿಕೆ ತರುತ್ತದೆ.

ಬೇಡಿಕೆ ಬರೆಯಲು ನಮ್ಮೂರ ಸಂಘದ ಸಮಿತಿ ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಸೇರಿತು. ತೆರಿಗೆ ಇಡೀ ರಾಜ್ಯಕ್ಕೆ ಒಂದೇ ಆಗಬೇಕು. ಹೊಸ ತೂಕಕ್ಕೆ ಕಾಲಾವಕಾಶ ಕೊಡಬೇಕು. ಇನ್‌ಸ್ಪೆಕ್ಟರುಗಳು ಹೇಳದೆ ಕೇಳದೆ ಅಂಗಡಿಗೆ ನುಗ್ಗಬಾರದು. ಬಂಗಾರಪೇಟೆಯ ಗೂಡ್ಸ್ ಷೆಡ್ಡಿಗೆ ಮಾಡು ಹಾಕಿಸಬೇಕು, ಸಕ್ಕರೆ ಮೂಟೆ ನೆನೆಯುತ್ತದೆ. ವಾರದ ರಜೆ ಸಂಬಳದ ದಿನ ಬೀಳಬಾರದು. ಇವು ಐದಾದವು. ಆಗ ಜವಳಿ ಅಂಗಡಿಯವರು, "ಮೆಟ್ಟಿಲ ಮೇಲೆ ಕಾಲಿಡೋಕೆ ಜಾಗ ಇಲ್ಲ, ಈ ಬುಟ್ಟಿಯೋರದ್ದೂ ಒಂದು ಸೇರಿಸಿ" ಎಂದರು. ಎಲ್ಲರೂ ಹೌದು ಹೌದು ಎಂದರು. ಅದು ಆರನೆಯದಾಯಿತು. ಬೀದಿ ದೀಪದ್ದು ಏಳನೆಯದು.

ಬುಟ್ಟಿಯವರ ಹೆಬ್ಬೆಟ್ಟು ಹಾಕಿಸಿಕೊಂಡು, ಅದೇ ಕಾಗದದಲ್ಲಿ ಬುಟ್ಟಿಯವರನ್ನು ಎಬ್ಬಿಸಿ ಎಂದು ಬರೆಯುತ್ತಿದ್ದೇವೆ ಎಂಬುದು ಅಲ್ಲಿದ್ದ ಯಾರಿಗೂ ಹೊಳೆಯಲಿಲ್ಲ ಎಂದು ಹೇಳಲಾರೆ. ನನಗೆ ಹೊಳೆದಿತ್ತು. ಅಧ್ಯಕ್ಷರ ಮುಖ ನೋಡಿದೆ. ಅವರು ಎಲೆಗೆ ಸುಣ್ಣ ಹಚ್ಚಿಕೊಳ್ಳುತ್ತಾ, "ಬರೆಯೋದೆಲ್ಲ ಎಲ್ಲಿ ಆಗುತ್ತೆ ಬಿಡಯ್ಯಾ. ಏಳು ಕೇಳಿದ್ರೆ ಎರಡು ಕೊಡ್ತಾರೆ" ಎಂದರು. ನಾನೂ ಅದನ್ನೇ ನಂಬಿಕೊಂಡೆ. ನಂಬಿಕೊಂಡು, ಆರನೇ ಬೇಡಿಕೆಗೆ ಇಂಗ್ಲಿಷಿನಲ್ಲಿ ಬಹಳ ಸೊಗಸಾದ ಮಾತುಗಳನ್ನು ಹುಡುಕಿದೆ. ಬುಟ್ಟಿ ಎನ್ನುವ ಪದ, ಹೆಂಗಸು ಎನ್ನುವ ಪದ ಅದರಲ್ಲಿ ಎಲ್ಲೂ ಬರುವುದಿಲ್ಲ. 'ಸಾರ್ವಜನಿಕ ಸಂಚಾರಕ್ಕೆ ಹಾಗೂ ಅಧಿಕೃತ ವ್ಯಾಪಾರಕ್ಕೆ ಉಂಟಾಗುತ್ತಿರುವ ಅನಧಿಕೃತ ಅಡಚಣೆ' ಎಂಬ ಅರ್ಥ ಬರುವ ವಾಕ್ಯ ಅದು. ಬೆಂಗಳೂರಿನ ಕಚೇರಿಯಲ್ಲಿ ಇದನ್ನು ಓದಿದವರೊಬ್ಬರು ಮುಂದೆ ನನ್ನನ್ನು ಕರೆದು, ಇದನ್ನು ಬರೆದವರು ಯಾರು ಎಂದು ಕೇಳಿದರು. ನಾನು ಎದೆಯುಬ್ಬಿಸಿ ನಾನೇ ಎಂದೆ.

ಹೆಬ್ಬೆಟ್ಟು ಹಾಕಿಸಿದ್ದು ಒಂದು ಬೆಳಿಗ್ಗೆ, ನನ್ನ ಅಂಗಡಿಯ ಮೆಟ್ಟಿಲ ಮೇಲೆ. ಪೇಟೆಯ ಬುಟ್ಟಿಯವರೆಲ್ಲ ಬಂದಿದ್ದರು. ಹುಣಸೆಹಣ್ಣಿನವಳೇ ಅವರನ್ನೆಲ್ಲ ಕರೆದು ತಂದಿದ್ದಳು, ನಾನು ಹೇಳಿದೆನೆಂದು. ನಾನು ಮೇಲಿನ ಮೆಟ್ಟಿಲಲ್ಲಿ ನಿಂತು ಕಾಗದವನ್ನು ಕನ್ನಡದಲ್ಲಿ ಹೇಳುತ್ತಾ ಹೋದೆ. ಒಂದು, ಎರಡು, ಮೂರು. ತೆರಿಗೆಯ ಮಾತಿಗೆ ಅವರು ಆಕಳಿಸಿದರು. ತೂಕದ ಮಾತಿಗೆ ಕಿವಿ ನಿಮಿರಿತು, ಪಾವು ಚಟಾಕು ಹೋದರೆ ತಮಗೂ ಕಷ್ಟವೇ. ಗೂಡ್ಸ್ ಷೆಡ್ಡು, ವಾರದ ರಜೆ ಹೇಳಿದೆ. ಕಾಗದದ ಮೇಲೆ ಕಣ್ಣು ಆರನೆಯದನ್ನು ಓದುತ್ತಿತ್ತು, ಬಾಯಿ ಬೀದಿ ದೀಪದ ವಿಷಯ ಹೇಳಿತು. ಅಷ್ಟೇ, ಇಷ್ಟು ಕೇಳಿದ್ದೇವೆ ಎಂದೆ.

ಹುಣಸೆಹಣ್ಣಿನವಳು ಮೊದಲು ಮುಂದೆ ಬಂದಳು. ಶಾಯಿಯ ಪ್ಯಾಡಿನ ಮೇಲೆ ಹೆಬ್ಬೆರಳು ಇಡುವ ಮೊದಲು ನನ್ನ ಮುಖ ನೋಡಿ, "ಇದುಕ್ಕೆ ಎಬ್ಬೆಟ್ಟು ಒತ್ತಿದ್ರೆ ನಮ್ ಜಾಗ ಬದ್ರ ಆಯ್ತದಾ ಸೋಮಿ? ಆಗಾಗ ಪೋಲಿಸ್ನೋರು ಬಂದು ಎದ್ದೇಳು ಅಂತಾರಲ್ಲ, ಅದುಕ್ಕೆ ಕೇಳ್ದೆ" ಎಂದಳು.

"ಸಂಘಕ್ಕೆ ಸೇರಿದ ಮೇಲೆ ನಿಮ್ಮನ್ನ ಯಾರು ಅಲ್ಲಾಡಿಸ್ತಾರಮ್ಮ" ಎಂದೆ ನಾನು.

ಈ ಮಾತನ್ನು ಹೇಳು ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅಧ್ಯಕ್ಷರು ಅಲ್ಲಿ ಇರಲೇ ಇಲ್ಲ. ಅದು ಪೂರ್ತಿ ನನ್ನ ಸ್ವಂತದ್ದು. ಅವಳು ಹೆಬ್ಬೆಟ್ಟು ಒತ್ತಿ, ಶಾಯಿಯನ್ನು ತಲೆಗೂದಲಿಗೆ ಒರೆಸಿಕೊಂಡು, "ಒತ್ರೇ, ಒತ್ರೇ, ನಾವೂ ಸಂಗದೋರಾದೋ" ಎಂದು ಹಿಂದಿನವರನ್ನು ಕರೆದಳು. ಅವರು ನಗುತ್ತಾ ಒಬ್ಬೊಬ್ಬರಾಗಿ ಬಂದು ಒತ್ತಿದರು.

ನಮ್ಮ ಊರಿನ ಕಾಗದದ ಕಟ್ಟು ದಪ್ಪವಾಗಿತ್ತು. ಅಧ್ಯಕ್ಷರಿಗೆ ಕಾರ್ಯಕಾರಿ ಸಮಿತಿಯಲ್ಲಿ ಜಾಗ ಸಿಕ್ಕಿತು. ನಾನು ದೊಡ್ಡ ಸಂಘದ ಜಿಲ್ಲಾ ಕಾರ್ಯದರ್ಶಿಯಾದೆ. ಮಂತ್ರಿಗಳ ಬಳಿಗೆ ನಿಯೋಗ ಹೋದಾಗ ನಾನೂ ಹಿಂದಿನ ಸಾಲಿನಲ್ಲಿದ್ದೆ. ಮಂತ್ರಿಗಳು ಕಟ್ಟನ್ನು ಕೈಯಲ್ಲಿ ಎತ್ತಿ ನೋಡಿ, ಇಷ್ಟು ಜನವೇ ಎಂದರು. ಹಾಳೆ ತಿರುವುವಾಗ ಶಾಯಿಯ ಹೆಬ್ಬೆಟ್ಟುಗಳು ಕಂಡವು. ಸಣ್ಣ ವ್ಯಾಪಾರಿಗಳ ನೋವು ಇದರಲ್ಲಿದೆ ಎಂದು ನಮ್ಮ ಮುಖಂಡರು ಕೈಮುಗಿದು ಹೇಳಿದರು. ಫೋಟೊ ತೆಗೆದರು.

ಸಂಘದಿಂದ ಕೆಲಸ ಆಗಲಿಲ್ಲ ಎಂದರೆ ತಪ್ಪಾಗುತ್ತದೆ. ಹೊಸ ತೂಕಕ್ಕೆ ಅವಕಾಶ ಸಿಕ್ಕಿತು. ತೆರಿಗೆಯ ಗೋಜಲು ನಿಧಾನವಾಗಿಯಾದರೂ ಬಿಡಿಸಿಕೊಂಡಿತು. ಮೊದಲು ಗುಮಾಸ್ತನೂ ಕತ್ತೆತ್ತಿ ನೋಡದಿದ್ದ ಕಚೇರಿಗಳಲ್ಲಿ ನಮಗೆ ಕುರ್ಚಿ ಹಾಕಿದರು. ಹತ್ತು ಜನ ಬೇರೆ ಬೇರೆ ಬಾಗಿಲು ತಟ್ಟುವ ಬದಲು ಒಟ್ಟಿಗೆ ಹೋಗಿ ಕೂತು ಮಾತಾಡುವುದು ಹೇಗೆಂದು ಆ ಸಂಘ ಕಲಿಸಿತು. ಇದನ್ನು ಸಂಚಿಕೆಯಲ್ಲಿ ಮನಸ್ಸಿನಿಂದಲೇ ಬರೆದಿದ್ದೇನೆ. ನಮ್ಮೂರಿನ ಏಳು ಬೇಡಿಕೆಗಳಲ್ಲಿ ಮಾತ್ರ ಸರ್ಕಾರಕ್ಕೆ ಒಂದಿಷ್ಟೂ ಖರ್ಚಿಲ್ಲದ್ದು, ಯಾವ ಇಲಾಖೆಯ ಒಪ್ಪಿಗೆಯೂ ಬೇಡದ್ದು ಒಂದೇ ಇತ್ತು. ಅದು ಎಲ್ಲಕ್ಕಿಂತ ಮೊದಲು ಮಂಜೂರಾಯಿತು.

ಆ ದಿನ ಬೆಳಿಗ್ಗೆ ನಾನು ಲಾಟೀನಿನ ಗಾಜು ಒರೆಸುತ್ತಿದ್ದೆ. ಇಬ್ಬರು ಪೊಲೀಸಿನವರು, ನಾಲ್ಕು ಜನ ಜವಾನರು ಬೀದಿಯ ಆ ತುದಿಯಿಂದ ಬಂದರು. "ಎಳುಂದಿರಿಂಗಮ್ಮಾ, ಎಳುಂದಿರಿಂಗ" ಎಂದು ತಮಿಳಿನಲ್ಲಿ ಏಳಿಸುತ್ತಾ ಒಬ್ಬ ಲಾಠಿಯಿಂದ ಬುಟ್ಟಿಗಳನ್ನು ತಟ್ಟುತ್ತಾ ಬಂದ. ಸೊಪ್ಪಿನವಳು ಎದ್ದಳು, ಕಡಲೆಕಾಯಿಯವಳು ಎದ್ದಳು. ಹುಣಸೆಹಣ್ಣಿನವಳು ಏಳಲಿಲ್ಲ. ಅವಳಿಗೆ ಏಳಬೇಕಾದ ಕಾರಣವೇ ಇರಲಿಲ್ಲ. "ಇದು ಸಂಗದ ಜಾಗ. ನಾವು ಸಂಗದೋರು. ಬೇಕಿದ್ರೆ ಇವ್ರುನ್ನ ಕೇಳು" ಎಂದು ನನ್ನ ಕಡೆ ಕೈ ತೋರಿಸಿದಳು.

ಪೊಲೀಸಿನವನು ನನ್ನನ್ನು ಬಲ್ಲವನು. "ಏನ್ ಸಾರ್?" ಎಂದ. ಕೇಳಿದ ದನಿಯಲ್ಲಿ ಸ್ವಲ್ಪ ಗೌರವವೂ ಇತ್ತು. ನಾನು ಬೇಡ ಎಂದಿದ್ದರೆ ಆ ಹೊತ್ತಿಗೆ ಮುಂದಕ್ಕೆ ಹೋಗುತ್ತಿದ್ದನೇನೋ.

"ಮೇಲಿನಿಂದ ಬಂದ ಆರ್ಡರು, ನಾನೇನು ಮಾಡಲಿ" ಎಂದೆ. ಅವನಿಗೆ ಹೇಳಿದೆನೋ, ಅವಳಿಗೆ ಹೇಳಿದೆನೋ ಗೊತ್ತಿಲ್ಲ. ಗಾಜು ಒರೆಸುವುದನ್ನು ನಿಲ್ಲಿಸಲಿಲ್ಲ. ಜವಾನನೊಬ್ಬ ಬುಟ್ಟಿ ಎತ್ತುವಾಗ ಹುಣಸೆಹಣ್ಣಿನ ಒಂದು ಉಂಡೆ ಮಣ್ಣಿಗೆ ಬಿತ್ತು. ಅವಳು ಅದನ್ನು ಎತ್ತಿಕೊಂಡು ಊದಿ, ಸೆರಗಿನಲ್ಲಿ ಒರೆಸಿ, ಮತ್ತೆ ಬುಟ್ಟಿಗೆ ಹಾಕಿಕೊಂಡಳು. ನನ್ನ ಕಡೆ ಕೋಪದಿಂದ ನೋಡಲಿಲ್ಲ. ಪಾಪ, ಇವರ ಕೈಯಲ್ಲೂ ಆಗಲಿಲ್ಲವಲ್ಲ ಎನ್ನುವಂತೆ ನೋಡಿದಳು. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಬುಟ್ಟಿಯವರೆಲ್ಲ ಸ್ಟೇಷನ್ ದಾರಿಯ ಬಯಲಿಗೆ ಹೋದರು. ಅಲ್ಲಿ ನೆರಳಿಲ್ಲ. ಗಾಳಿ ಎದ್ದರೆ ಗಣಿಯವರು ಚಿನ್ನ ತೆಗೆದು ಸುರಿದ ಸಯನೈಡ್ ದಿಬ್ಬದ ಧೂಳು ನೇರವಾಗಿ ಬಂದು ಬುಟ್ಟಿಯ ಮೇಲೆ ಕೂರುತ್ತಿತ್ತು. ಸೊಪ್ಪು ಹತ್ತು ಗಂಟೆಗೆಲ್ಲ ಬಾಡುತ್ತಿತ್ತು. ನಮ್ಮ ಬೀದಿ ಮಾತ್ರ ಚೊಕ್ಕಟವಾಯಿತು. ಎಷ್ಟು ಚೊಕ್ಕಟವೆಂದರೆ ಸಂಬಳದ ದಿನವೂ ನಾವು ನಾವೇ ಮೆಟ್ಟಿಲ ಮೇಲೆ ನಿಂತು ಒಬ್ಬರ ಮುಖ ಒಬ್ಬರು ನೋಡಿಕೊಳ್ಳಬಹುದಿತ್ತು. ಲೈನ್ ಮನೆಯ ಹೆಂಗಸರು ಬಯಲಿನಲ್ಲೇ ಸಾಮಾನು ಕೊಂಡು, ಅಲ್ಲೇ ಹೊಸದಾಗಿ ಬಂದ ತಳ್ಳುಗಾಡಿಯಲ್ಲಿ ಪಾತ್ರೆಯನ್ನೂ ಕೊಂಡು ಮನೆಗೆ ಹೋಗತೊಡಗಿದರು. ಸಮಿತಿಯಲ್ಲಿ ಇದರ ಚರ್ಚೆಯಾಯಿತು. ಬುಟ್ಟಿಯವರನ್ನು ವಾಪಸು ಕರೆಯೋಣ ಎಂದು ಯಾರೂ ಹೇಳಲಿಲ್ಲ. ಬಯಲಿನಿಂದಲೂ ಎಬ್ಬಿಸಬೇಕೆಂದು ಇನ್ನೊಂದು ಅರ್ಜಿ ಹಾಕೋಣವೇ ಎಂದು ಜವಳಿಯವರು ಕೇಳಿದರು.

ಬೇಸಿಗೆ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಹುಣಸೆಹಣ್ಣಿನವಳು ಅಂಗಡಿಗೆ ಬಂದಳು. ಮೆಟ್ಟಿಲು ಹತ್ತದೆ ಕೆಳಗೇ ನಿಂತು, "ಒಂದು ಅರ್ಜಿ ಬರ್ಕೊಡಿ ಸೋಮಿ" ಎಂದಳು.

"ಯಾರಿಗೆ?"

"ಬೆಂಗ್ಳೂರಾಗಿರೋ ಆ ದೊಡ್ಡ ಸಂಗಕ್ಕೆ. ನಾವೂ ಅದ್ರಾಗೆ ಎಬ್ಬೆಟ್ಟು ಒತ್ತಿದ್ದೀವಲ್ಲ. ಈ ಸರ್ಕಾರದೋರು ನಮ್ಗೆ ಇಂಗೆ ಮಾಡವ್ರೆ ಅಂತ ಅವ್ರಿಗೆ ತಿಳೀದೆ ಇದ್ರೆ ಎಂಗೆ? ತಿಳಿದ್ರೆ ಕೇಳ್ತಾರೆ."

ಬರೆದುಕೊಟ್ಟೆ. ಚೆನ್ನಾಗಿಯೇ ಬರೆದೆ. ಅದಕ್ಕಿಂತ ಒಳ್ಳೆಯ ಅರ್ಜಿ ನಾನು ಬರೆದಿಲ್ಲ. ಬಿಸಿಲು, ಧೂಳು, ಬಾಡುವ ಸೊಪ್ಪು, ಹರೆಯಕ್ಕೆ ಬಂದ ಇಬ್ಬರು ಹೆಣ್ಣುಮಕ್ಕಳು, ಎಲ್ಲ ಬಂತು. ಅವಳಿಗೆ ಓದಿ ಹೇಳಿದಾಗ ಕಣ್ಣೊರೆಸಿಕೊಂಡಳು. ಹೆಬ್ಬೆಟ್ಟು ಒತ್ತಿಸಿ, ನಾನೇ ಅಂಚೆಗೆ ಹಾಕಿದೆ.

ದೊಡ್ಡ ಸಂಘದಲ್ಲಿ ಒಂದು ಕ್ರಮ ಇತ್ತು. ಯಾವ ಊರಿನ ಅರ್ಜಿಯೋ ಆ ಜಿಲ್ಲೆಯ ಕಾರ್ಯದರ್ಶಿಗೆ ಅದನ್ನು ಅಭಿಪ್ರಾಯಕ್ಕಾಗಿ ಕಳಿಸುವುದು, ಉತ್ತರದ ಕರಡನ್ನೂ ಅವನೇ ಬರೆಯುವುದು. ಮೂರು ವಾರಕ್ಕೆ ನನ್ನ ಅರ್ಜಿ ನನಗೇ ಬಂತು. ಅಧ್ಯಕ್ಷರಿಗೆ ತೋರಿಸಿದೆ. ಅವರು ಅಕ್ಷರ ನೋಡಿದ ಕೂಡಲೇ ಜೋರಾಗಿ ನಕ್ಕು, "ನಿನ್ನ ಕಾಗದಕ್ಕೆ ನೀನೇ ಉತ್ತರ ಬರಿ" ಎಂದರು. ಆಮೇಲೆ ನಗು ನಿಲ್ಲಿಸಿ, "ಚಂದಾ ಕೊಟ್ಟೋರು ಮಾತ್ರ ಸದಸ್ಯರು. ಅವರು ಸದಸ್ಯರಲ್ಲ. ಅಷ್ಟೇ ಬರಿ, ಬೇರೆ ಏನೂ ಬೇಡ" ಎಂದರು. ನಾನು ಬರೆದೆ. 'ಸಂಘದ ಸದಸ್ಯರಲ್ಲದವರ ಮನವಿಯನ್ನು ಪರಿಗಣಿಸಲು ನಿಯಮಾವಳಿಯಲ್ಲಿ ಅವಕಾಶವಿರುವುದಿಲ್ಲವೆಂದು ವಿಷಾದದಿಂದ ತಿಳಿಸಲಾಗಿದೆ.' ವಿಷಾದದಿಂದ ಎನ್ನುವುದನ್ನು ಅಧ್ಯಕ್ಷರು ಹೇಳಿರಲಿಲ್ಲ, ನಾನೇ ಸೇರಿಸಿದ್ದು. ಅದು ಬೆಂಗಳೂರಿಗೆ ಹೋಗಿ, ಟೈಪಾಗಿ, ಮುದ್ರೆ ಬಿದ್ದು ಅವಳ ಹಳ್ಳಿಗೆ ಹೋಯಿತು.

ಅವಳು ಆ ಲಕೋಟೆಯನ್ನು ಒಡೆಯಲೇ ಇಲ್ಲ. ಹಳ್ಳಿಯಲ್ಲಿ ಮೇಷ್ಟ್ರು ಇದ್ದರು, ಓದಿಸಬಹುದಿತ್ತು. ನಾಲ್ಕು ದಿನ ಇಟ್ಟುಕೊಂಡು, ಬಂಗಾರಪೇಟೆ ಸ್ಟೇಷನ್ನಿನಲ್ಲಿ ನಾನು ಸಂಜೆಯ ರೈಲಿನಿಂದ ಇಳಿಯುವುದನ್ನು ಕಾದಿದ್ದು, ಪ್ಲಾಟ್‌ಫಾರಂನಲ್ಲಿ ಕೈಗಿಟ್ಟಳು. ಇನ್ನೂ ಬಿಸಿಲಿತ್ತು. "ಬರ್ದೋರು ನೀವು, ಓದೋರೂ ನೀವೇ ಆಗ್ಬೇಕು ಅಂತ ಅಂಗೇ ಮಡಗಿದ್ದೆ" ಎಂದಳು.

ಲಕೋಟೆ ಒಡೆದು ಓದಿದೆ. ಈ ಸಲ ಒಂದು ಪದವನ್ನೂ ಬಿಡಲಿಲ್ಲ. ಓದಿ ಮುಗಿದ ಮೇಲೆ ಬಾಯಿ ತಾನಾಗಿಯೇ ತೆರೆದುಕೊಂಡಿತು. ಈ ಉತ್ತರವನ್ನು ಬರೆದವನೂ ನಾನೇ ಎಂದು ಹೇಳಿದೆ. ನಿಮ್ಮನ್ನು ಎಬ್ಬಿಸಿ ಎಂದು ಕೇಳಿದ್ದು ಸರ್ಕಾರವಲ್ಲ, ನಾವೇ. ಅದು ನೀವು ಹೆಬ್ಬೆಟ್ಟು ಒತ್ತಿದ ಕಾಗದದಲ್ಲೇ ಇತ್ತು, ಆವತ್ತು ನಾನು ಓದದೆ ಬಿಟ್ಟೆ ಎಂದು ಎಲ್ಲವನ್ನೂ ಹೇಳಿದೆ. ಹೇಳುತ್ತಾ ಹೇಳುತ್ತಾ ನನ್ನ ಬಗ್ಗೆಯೇ ನನಗೆ ಒಂದು ಬಗೆಯ ಗೌರವ ಹುಟ್ಟುತ್ತಿತ್ತು. ಎಂಥಾ ದೊಡ್ಡ ಮನುಷ್ಯ ಇರಬೇಕು ನಾನು!

ಅವಳು ಪೂರ್ತಿ ಕೇಳಿದಳು. ಬುಟ್ಟಿಯನ್ನು ಕೆಳಗಿಟ್ಟಳು. "ಓದಿದ್ರೆ ನಾವು ಎಬ್ಬೆಟ್ಟು ಒತ್ತಾ ಇರ್ಲಿಲ್ಲ" ಎಂದಳು.

"ಇಲ್ಲ."

"ಅದುಕ್ಕೇ ಓದ್ಲಿಲ್ಲ."

"ಹೌದಮ್ಮ."

ಪ್ಲಾಟ್‌ಫಾರಂ ಖಾಲಿಯಾಗುತ್ತಾ ಬಂತು. ಬೈಯಲಿ ಎಂದು ಕಾದೆ. ಬೈದರೆ ತಲೆ ತಗ್ಗಿಸಿ ಕೇಳಲು ಸಿದ್ಧನಾಗಿದ್ದೆ. ಅವಳು ಬೈಯಲಿಲ್ಲ. ವ್ಯಾಪಾರ ಮಾಡುವವಳ ಹಾಗೆ ನೇರವಾಗಿ ಮಾತಿಗೆ ಬಂದಳು.

"ಆಗ್ಲಿ ಬುಡಿ ಸೋಮಿ. ನಿಜ ಏಳಿದ್ರಲ್ಲ, ಅಷ್ಟು ಸಾಕು. ಈಗೊಂದು ಕೇಳ್ತೀನಿ. ರಸ್ತೆ ಸರ್ಕಾರದ್ದು. ನಿಮ್ ಮೆಟ್ಲು ನಿಮ್ದು ತಾನೆ? ಅದು ನಿಮ್ಮಪ್ಪನೋರು ಕಟ್ಸಿದ್ದು. ಬರೋ ಸಂಬಳದ ದಿನ ನಾನು ಬಂದು ಮೆಟ್ಲು ಮೇಲೆ ಕೂತ್ಕಂತೀನಿ. ಪೋಲಿಸ್ನೋನು ಬಂದ್ರೆ ಇದು ನನ್ ಮೆಟ್ಲು, ಅವಳು ಕೂತಿರ್ಲಿ ಅಂತ ಒಂದ್ ಮಾತು ಅನ್ನಿ. ಇನ್ನೇನೂ ಬೇಡ."

ಅವಳು ಹೇಳಿದ್ದು ಕಾಯಿದೆಯ ಪ್ರಕಾರವೂ ಸರಿಯಾಗಿತ್ತು. ಮೆಟ್ಟಿಲು ನನ್ನದೇ. ಯಾವ ಮಂತ್ರಿಯ ಹತ್ತಿರವೂ ಹೋಗಬೇಕಿರಲಿಲ್ಲ, ಯಾರ ಸಹಿಯೂ ಬೇಕಿರಲಿಲ್ಲ. ಒಂದು ಮಾತು ಅಂದರೆ ಸಾಕಿತ್ತು. ನನ್ನ ಕಣ್ಣ ಮುಂದೆ ಬಂದದ್ದು ಜವಳಿಯವರ ಮುಖ, ಅಧ್ಯಕ್ಷರ ನಗು, ಮುಂದಿನ ತಿಂಗಳು ಬೆಂಗಳೂರಿನಲ್ಲಿ ನಡೆಯಲಿದ್ದ ಸಮಾವೇಶ. ಅಲ್ಲಿ ನನ್ನ ಹೆಸರು ಇನ್ನೂ ಮೇಲಿನ ಹುದ್ದೆಗೆ ಬರುವುದಿತ್ತು. ಕಾರ್ಯದರ್ಶಿಯೇ ತನ್ನ ಮೆಟ್ಟಿಲ ಮೇಲೆ ಬುಟ್ಟಿ ಇಡಿಸಿಕೊಂಡಿದ್ದಾನೆ ಎಂದರೆ ಏನಾಗುತ್ತದೆ ಎಂದು ಯೋಚಿಸಿದೆ.

"ಸಮಿತಿಯ ಮುಂದೆ ಇಟ್ಟು ಹೇಳ್ತೀನಮ್ಮ" ಎಂದೆ.

"ಆಯ್ತು ಸೋಮಿ, ಇಟ್ಟು ಏಳಿ" ಎಂದು ಬುಟ್ಟಿ ಎತ್ತಿಕೊಂಡಳು.

ಸಂಬಳದ ದಿನ ಅವಳು ಬಂದಳು. ಬುಟ್ಟಿಯನ್ನು ತಲೆಯಿಂದ ಇಳಿಸದೆ ರಸ್ತೆಯಲ್ಲೇ ನಿಂತು ನನ್ನ ಕಡೆ ನೋಡಿದಳು. ಇನ್ನೂ ಮೀಟಿಂಗ್ ಆಗಿಲ್ಲ ಎಂದೆ. ತಲೆಯಾಡಿಸಿ ಬಯಲಿನ ಕಡೆ ಹೋದಳು. ಅದರ ಮುಂದಿನ ಸಂಬಳದ ದಿನವೂ ಬಂದು ನಿಂತಳು, ನಾನು ಅದನ್ನೇ ಹೇಳಿದೆ. ಮೂರನೇ ಸಲ ನಿಲ್ಲಲಿಲ್ಲ. ನಾನು ಬಾಗಿಲಲ್ಲೇ ಇದ್ದೆ. ಅವಳು ತಲೆ ತಿರುಗಿಸದೆ ದಾಟಿಕೊಂಡು ಹೋದಳು. ಆಮೇಲೆ ರೈಲಿನಲ್ಲೂ ನಾನಿರುವ ಬೋಗಿಗೆ ಹತ್ತುತ್ತಿರಲಿಲ್ಲ.

ಮೀಟಿಂಗ್ ಮೊದಲ ಸಲ ಅವಳು ಬಂದು ನಿಲ್ಲುವ ಮುಂಚೆಯೇ ಆಗಿತ್ತು. ಕರೆದವನು ನಾನು, ನನ್ನದೇ ಹಿಂದಿನ ಕೋಣೆಯಲ್ಲಿ. ಚರ್ಚಿಸಬೇಕಾದ ವಿಷಯಗಳ ಪಟ್ಟಿ ಬರೆದವನೂ ನಾನೇ. ಮೆಟ್ಟಿಲಿನ ಮಾತನ್ನು ನಾನು ಅದರಲ್ಲಿ ಬರೆಯಲಿಲ್ಲ.